ಕ್ಯಾಚರ್‌ನ ತುಟಿಗೆ ಬಿದ್ದ ಹೊಲಿಗೆ

ಆತ್ಮೀಯರೇ,

ನಿಮ್ಮ ಪತ್ರವನ್ನು ಎರಡು ಸಲ ಓದಿದೆ. ಶಿಕಾಗೊ ಕಬ್ಸ್ ಬೇಸ್‌ಬಾಲ್ ತಂಡದ ಪಿಚರ್ (ಚೆಂಡು ಎಸೆಯುವವನು) ಆಗಿದ್ದ ಕಾರ್ಲೋಸ್ ಜಂಬ್ರಾನೊನ ಸಿಟ್ಟನ್ನು ಟೀಕಿಸಿ ಕಳೆದ ಸಂಚಿಕೆಯಲ್ಲಿ ಬರೆದದ್ದು ನಿಮಗೆ ಬೇಸರ ತಂದಿದೆ. ‘ಇಪ್ಪತ್ತು ವರ್ಷದಿಂದ ಶಿಕಾಗೊ ಪಕ್ಕದಲ್ಲೇ ಇದ್ದೇನೆ. ಅವನ ಆಟ ಕಣ್ಣಾರೆ ನೋಡಿದ್ದೇನೆ. ಆ ಸಿಟ್ಟು ಇಲ್ಲದಿದ್ದರೆ ಆ ಆಟವೂ ಇರುತ್ತಿರಲಿಲ್ಲ’ ಎಂದಿದ್ದೀರಿ. ಕೊನೆಯಲ್ಲಿ ಮಗನ ವಿಷಯ ತೆಗೆದಿದ್ದೀರಿ. ಹದಿನಾಲ್ಕು ವರ್ಷ, ಅವನೂ ಪಿಚರ್. ಜೊತೆಯ ಹುಡುಗರು ಬಾಲ್ ಬಿಟ್ಟರೆ ಗ್ಲೌಸ್ ಎಸೆದು ಕೂಗಾಡುತ್ತಾನೆ. ತಂಡದಿಂದ ಬಿಡಿಸಿಬಿಡಲಾ ಅಂತ ಕೇಳಿದ್ದೀರಿ. ನನಗನ್ನಿಸಿದ ಮಟ್ಟಿಗೆ ಪತ್ರ ಬರೆದದ್ದೇ ಈ ಕೊನೆಯ ನಾಲ್ಕು ಸಾಲಿಗಾಗಿ.

ಆಟದ ವಿಷಯದಲ್ಲಿ ನಿಮ್ಮ ಜೊತೆ ಜಗಳ ಇಲ್ಲ. ವೆನೆಜುವೆಲಾದ ಪುಯೆರ್ಟೊ ಕಬೆಲ್ಲೊದಿಂದ ಬಂದ ಹುಡುಗ ಅವನು. ಪಿಚರ್‌ಗಳು ಬ್ಯಾಟ್ ಹಿಡಿದರೆ ಸಾಮಾನ್ಯವಾಗಿ ಯಾರೂ ಏನೂ ನಿರೀಕ್ಷಿಸುವುದಿಲ್ಲ. ಇವನು 24 ಹೋಮ್ ರನ್ ಹೊಡೆದ, ಕ್ರಿಕೆಟ್‌ನ ಸಿಕ್ಸರ್‌ನಂತೆ ಚೆಂಡನ್ನು ಬೇಲಿಯಾಚೆ ಕಳಿಸುವ ಹೊಡೆತ ಅದು. 2008ರ ಸೆಪ್ಟೆಂಬರ್ 14 ನಿಮಗೆ ಖಂಡಿತ ನೆನಪಿರುತ್ತದೆ. ಐಕ್ ಚಂಡಮಾರುತದಿಂದಾಗಿ ಹ್ಯೂಸ್ಟನ್‌ನಲ್ಲಿ ಆಗಬೇಕಿದ್ದ ಪಂದ್ಯ ಮಿಲ್ವಾಕಿಗೆ ಹೋಯಿತು. ಅಲ್ಲಿ ಹ್ಯೂಸ್ಟನ್‌ನ ಆಸ್ಟ್ರೋಸ್ ತಂಡಕ್ಕೆ ಒಂದೇ ಒಂದು ಹಿಟ್ (ಹೊಡೆದು ಬೇಸ್ ತಲುಪುವುದು) ಕೂಡ ಕೊಡದೆ ಪಂದ್ಯ ಮುಗಿಸಿದ. 10 ಜನರನ್ನು ಸ್ಟ್ರೈಕ್‌ಔಟ್ ಮಾಡಿದ, ಅಂದರೆ ತನ್ನ ಎಸೆತದಿಂದಲೇ ಔಟ್ ಮಾಡಿದ.

ಆದರೆ ಒಂದು ಪಂದ್ಯಕ್ಕೆ ಎದುರಾಳಿಯ 27 ಔಟ್ ಬೇಕು. 10 ಅವನದು ಅನ್ನೋಣ. ಉಳಿದ 17ಕ್ಕೆ ತಂಡದವರು ಬೇಕಾಯಿತು. ಅವನದು ಅಂದ ಆ ಹತ್ತರಲ್ಲೂ ಚೆಂಡು ಹಿಡಿಯಲು ಬ್ಯಾಟ್ ಹಿಡಿದವನ ಹಿಂದೆ ಕ್ಯಾಚರ್ ಕುಕ್ಕರಗಾಲಲ್ಲಿ ಕೂತಿದ್ದ. ನನ್ನ ತಕರಾರು ಇರುವುದು ಇಲ್ಲೇ.

2007ರ ಜೂನ್ 1. ಕಬ್ಸ್‌ನ ಮೈದಾನ ರಿಗ್ಲಿ ಫೀಲ್ಡ್, ಎದುರಾಳಿ ಅಟ್ಲಾಂಟಾ ಬ್ರೇವ್ಸ್. ಐದನೇ ಇನಿಂಗ್ಸ್‌ನಲ್ಲಿ ಕ್ಯಾಚರ್ ಮೈಕಲ್ ಬ್ಯಾರೆಟ್ ಚೆಂಡು ಬಿಟ್ಟ. ಅದನ್ನು ಹಿಡಿದು ಎಸೆಯುವಾಗ ಮತ್ತೆ ತಪ್ಪಿದ. ಇನಿಂಗ್ಸ್ ಮುಗಿದು ಆಟಗಾರರು ಕೂರುವ ಡಗೌಟ್‌ಗೆ ಬಂದ ಕೂಡಲೇ ಜಂಬ್ರಾನೊ ಅವನ ಮೇಲೆ ಎರಗಿದ. ಟಿವಿ ಕ್ಯಾಮೆರಾ ಎದುರಿಗೇ. ಸುತ್ತಲಿದ್ದವರು ಬಿಡಿಸಿದರು. ಅಷ್ಟಕ್ಕೇ ನಿಂತಿದ್ದರೆ ಬಿಸಿಯಲ್ಲಿ ಆದದ್ದು ಅಂತ ಬಿಟ್ಟುಬಿಡಬಹುದಿತ್ತು. ಒಳಗೆ ಹೋದ ಮೇಲೆ ಮತ್ತೆ ಕೈ ಮಿಲಾಯಿಸಿದರು. ಬ್ಯಾರೆಟ್ ಕಣ್ಣಿನ ಸುತ್ತ ಕಪ್ಪಾಯಿತು, ಸೀಳಿದ ತುಟಿಗೆ ಆಸ್ಪತ್ರೆಯಲ್ಲಿ ಹೊಲಿಗೆ ಬಿತ್ತು. ಅದೇ ತಿಂಗಳಲ್ಲಿ ಅವನನ್ನು ಸ್ಯಾನ್ ಡಿಯಾಗೊ ತಂಡಕ್ಕೆ ಕಳಿಸಿಬಿಟ್ಟರು. ಏಟು ತಿಂದವನು ಊರು ಬಿಟ್ಟ. ಏಟು ಕೊಟ್ಟವನಿಗೆ ಆಗಸ್ಟ್‌ನಲ್ಲಿ ಐದು ವರ್ಷಕ್ಕೆ 9.15 ಕೋಟಿ ಡಾಲರ್ ಒಪ್ಪಂದ ಸಿಕ್ಕಿತು.

ಆ ವರ್ಷ ಅವನು 18 ಪಂದ್ಯ ಗೆದ್ದ, ಕಬ್ಸ್ ತಮ್ಮ ವಿಭಾಗದಲ್ಲಿ ಮೊದಲ ಸ್ಥಾನಕ್ಕೆ ಬಂತು. ನಿಮ್ಮ ವಾದಕ್ಕೆ ಇದು ಬಲ ಕೊಡುತ್ತದೆ, ಒಪ್ಪುತ್ತೇನೆ. ನನಗೆ ಕಾಣುವುದು ಬೇರೆ. ಇಷ್ಟಾದರೂ ನಡೆಯುತ್ತದೆ ಅನ್ನುವ ಪಾಠ ಅವನಿಗೆ ಅವತ್ತೇ ಸಿಕ್ಕಿತು. ಹೇಳುವವರಾದರೂ ಯಾರಿದ್ದರು? ಆ ಜಗಳದ ಮರುದಿನವೇ ಮ್ಯಾನೇಜರ್ ಲೂ ಪಿನೆಲ್ಲಾ ಅಂಪೈರ್ ಮೇಲೆ ಕಾಲಲ್ಲಿ ಮಣ್ಣು ಹಾರಿಸಿ ಅಮಾನತಾದರು.

2009ರಲ್ಲಿ ಡಗೌಟ್‌ನಲ್ಲಿದ್ದ ಗೇಟರೇಡ್ ಪಾನೀಯದ ಯಂತ್ರವನ್ನು ಬ್ಯಾಟಿನಿಂದ ಚಚ್ಚಿದ. ಅದನ್ನು ನಾನು ದೊಡ್ಡದು ಮಾಡುವುದಿಲ್ಲ. ಯಂತ್ರಕ್ಕೆ ನೋವಾಗುವುದಿಲ್ಲ. ಆದರೆ 2010ರ ಜೂನ್‌ನಲ್ಲಿ ಶಿಕಾಗೊದ ಇನ್ನೊಂದು ತಂಡ ವೈಟ್ ಸಾಕ್ಸ್ ವಿರುದ್ಧ ಮೊದಲ ಇನಿಂಗ್ಸ್‌ನಲ್ಲೇ ನಾಲ್ಕು ರನ್ ಕೊಟ್ಟು, ಡಗೌಟ್‌ನಲ್ಲಿ ಜೊತೆಯ ಆಟಗಾರ ಡೆರೆಕ್ ಲೀ ಮೇಲೆ ರೇಗಾಡಿದ. ಚೆಂಡು ಹಿಡಿಯಲು ಸಾಕಷ್ಟು ಪ್ರಯತ್ನ ಪಡಲಿಲ್ಲ ಅನ್ನುವುದು ಅವನ ದೂರು. ತಂಡ ಅವನನ್ನು ಅಮಾನತು ಮಾಡಿತು, ಸಿಟ್ಟು ಹತೋಟಿಗೆ ತರುವ ಚಿಕಿತ್ಸೆಗೆ ಕಳಿಸಿತು. 2011ರ ಆಗಸ್ಟ್ 12ರಂದು ಅಟ್ಲಾಂಟಾದಲ್ಲಿ ಐದು ಹೋಮ್ ರನ್ ಹೊಡೆಸಿಕೊಂಡ. ಎದುರಾಳಿ ತಂಡದ ಚಿಪ್ಪರ್ ಜೋನ್ಸ್ ಮೈಮೇಲೆ ಬರುವಂತೆ ಚೆಂಡೆಸೆದು ಹೊರಗೆ ಹಾಕಿಸಿಕೊಂಡ. ಜೊತೆಯವರು ಇನ್ನೂ ಆಡುತ್ತಿದ್ದಾಗಲೇ ಲಾಕರ್ ಖಾಲಿ ಮಾಡಿ, ನಿವೃತ್ತಿ ಆಗುತ್ತೇನೆ ಅಂತ ಹೇಳಿ ಹೊರಟುಹೋದ. ತಂಡ 30 ದಿನ ಸಂಬಳವಿಲ್ಲದೆ ದೂರ ಇಟ್ಟಿತು. ಮತ್ತೆ ಕಬ್ಸ್ ಪರವಾಗಿ ಅವನು ಚೆಂಡೆಸೆಯಲೇ ಇಲ್ಲ. 2012ರ ಜನವರಿಯಲ್ಲಿ ಮಯಾಮಿ ತಂಡಕ್ಕೆ ಕಳಿಸಿದರು, ಅವನ ಸಂಬಳದ ಬಹುಪಾಲು ತಾವೇ ಕೊಟ್ಟು. ದುಡ್ಡು ಕೊಟ್ಟಾದರೂ ಸರಿ, ಬೇರೆ ಕಡೆ ಹೋಗಲಿ ಅನ್ನುವ ಹಾಗಾಗಿತ್ತು.

ಆ ಅಟ್ಲಾಂಟಾ ರಾತ್ರಿ ನನ್ನನ್ನು ಜಾಸ್ತಿ ಕಾಡುತ್ತದೆ. ಹೊಡೆತ ತಿಂದ ಪಿಚರ್‌ಗೆ ಸಿಟ್ಟು ಬರುವುದು ಸಹಜ. ಬಟ್ಟೆಬರೆ ಕಟ್ಟಿಕೊಂಡು ಎದ್ದುಹೋದರೆ ತಂಡದ ಉಳಿದ ಇಪ್ಪತ್ತನಾಲ್ಕು ಜನ ಏನು ಮಾಡಬೇಕು?

ನಮ್ಮ ಕಚೇರಿಯಲ್ಲಿ ಒಮ್ಮೆ ಪುಟ ಕಟ್ಟುವ ಹುಡುಗನ ಮೇಲೆ ಎಲ್ಲರೆದುರು ನಾನು ರೇಗಿದ್ದೆ. ತಪ್ಪು ಅವನದೇ. ಆದರೆ ಆಮೇಲೆ ತಿಂಗಳುಗಟ್ಟಲೆ ಅವನು ನನ್ನ ತಪ್ಪುಗಳನ್ನು ತೋರಿಸುವುದು ನಿಲ್ಲಿಸಿದ. ಮೊದಲೆಲ್ಲ ‘ಸಾರ್, ಈ ಹೆಸರು ಸರಿನಾ ನೋಡಿ’ ಅಂತ ಬರುತ್ತಿದ್ದ. ಮೂರು ಸಂಚಿಕೆ ತಪ್ಪುಗಳ ಜೊತೆಗೇ ಅಚ್ಚಾದವು.

ಇನ್ನು ನಿಮ್ಮ ಮಗ. ದಯವಿಟ್ಟು ತಂಡದಿಂದ ಬಿಡಿಸಬೇಡಿ. ಸೋತಾಗ ಎದ್ದುಹೋಗುವುದನ್ನು ನಾವೇ ಕಲಿಸಿದಂತಾಗುತ್ತದೆ. ಕೋಚ್ ಹತ್ತಿರ ಮಾತಾಡಿ, ಎರಡು ವಾರ ಅಭ್ಯಾಸದಲ್ಲಿ ಅವನನ್ನು ಕ್ಯಾಚರ್ ಮಾಡಲು ಹೇಳಿ. ಮುಖಕ್ಕೆ ಮಾಸ್ಕ್ ಹಾಕಿ ಕುಕ್ಕರಗಾಲಲ್ಲಿ ಕೂರಲಿ. ಬೇರೆ ಹುಡುಗ ಎಸೆದ ಚೆಂಡು ನೆಲಕ್ಕೆ ಬಡಿದು ಎದೆಗೆ ಬರಲಿ. ಬ್ಯಾಟಿನ ಅಂಚಿಗೆ ತಾಗಿದ ಚೆಂಡು ಬೆರಳಿಗೆ ಬಡಿದಾಗ ಹೇಗಿರುತ್ತದೆ ಅಂತ ನೋಡಲಿ. ಒಂದೆರಡು ಚೆಂಡು ಬಿಡುತ್ತಾನೆ, ಬಿಡಲೇಬೇಕು. ಆಗ ಎದುರಿಗಿರುವ ಪಿಚರ್ ತನ್ನ ಕಡೆ ಹೇಗೆ ನೋಡುತ್ತಾನೆ ಅನ್ನುವುದು ಮಾಸ್ಕ್ ಒಳಗಿಂದ ಅವನಿಗೆ ಚೆನ್ನಾಗಿ ಕಾಣುತ್ತದೆ.

ಎರಡು ವಾರ ಕಳೆದ ಮೇಲೆ ಹೇಗಿದ್ದಾನೆ ಅಂತ ಒಂದು ಸಾಲು ಬರೆಯಿರಿ. ಕಾಯುತ್ತಿರುತ್ತೇನೆ.

ನಿಮ್ಮ,
ಸಂಪಾದಕ