ಬಳ್ಳಾರಿ ಬಿಸಿಲಲ್ಲಿ, ಮನೆಯ ಓಟಿಜಿಯಲ್ಲಿ ಬಿಯರ್ ಪ್ರೆಟ್ಜೆಲ್ ಮಾಡಬಹುದಾ?

ನೀವು ಮೂರು ವಿಷಯ ಕೇಳಿದ್ದೀರಿ. ಮನೆಯ ಓಟಿಜಿಯಲ್ಲಿ (ಕರೆಂಟಿನ ಸಣ್ಣ ಓವನ್) ಪ್ರೆಟ್ಜೆಲ್‌ಗೆ, ಅಂದರೆ ಜರ್ಮನಿಯ ಆ ಗಂಟಿನಾಕಾರದ ಬ್ರೆಡ್‌ಗೆ, ಕಡು ಕಂದು ಬಣ್ಣ ಬರುತ್ತಾ? ಯಾವ ಬಿಯರ್ ಹಾಕಬೇಕು? ಮನೆಯಲ್ಲಿ ಅತ್ತೆ, ಮಾವ ಕುಡಿಯುವವರಲ್ಲ, ಅವರಿಗೆ ಕೊಡಬಹುದಾ? ನಾನೂ ಬಳ್ಳಾರಿಯವಳೇ. ಇದನ್ನು ಇಲ್ಲಿಯ ಬಿಸಿಲಲ್ಲೇ, ಸಣ್ಣ ಓಟಿಜಿಯಲ್ಲೇ ಮಾಡುತ್ತಿರುತ್ತೇನೆ. ಬಣ್ಣ ಖಂಡಿತ ಬರುತ್ತದೆ.

ಬಿಯರ್ ಯಾವುದು ಅಂತ ಎಲ್ಲರೂ ತಲೆ ಕೆಡಿಸಿಕೊಳ್ಳುತ್ತಾರೆ. ಬಿಯರ್ ಕೊಡುವುದು ಪರಿಮಳ, ಒಂಚೂರು ಕಹಿ, ಮಾಲ್ಟ್‌ನ ಸಿಹಿ. ಅಷ್ಟೇ. ದಕ್ಷಿಣ ಜರ್ಮನಿಯ ಬವೇರಿಯಾದ ಬೇಕರಿಗಳಲ್ಲಿ ಸಾಮಾನ್ಯವಾಗಿ ಹಿಟ್ಟಿಗೆ ಬಿಯರ್ ಹಾಕುವುದೂ ಇಲ್ಲ, ಅದನ್ನು ಪಕ್ಕದಲ್ಲಿಟ್ಟು ಕುಡಿಯುತ್ತಾರೆ. ಆ ಬಣ್ಣ, ಹೊಳಪು, ಬಾಯಿಗೆ ಇಟ್ಟ ತಕ್ಷಣ ಇದು ಬನ್ ಅಲ್ಲ ಅಂತ ಗೊತ್ತಾಗುವ ರುಚಿ, ಎಲ್ಲ ಬರುವುದು ಒಲೆಗೆ ಹೋಗುವ ಮೊದಲಿನ ಕ್ಷಾರದ ಸ್ನಾನದಿಂದ, ಅಂದರೆ ಸೋಡಾದಂಥ ಕ್ಷಾರ ಬೆರೆಸಿದ ನೀರಿನಲ್ಲಿ ಅದ್ದುವುದರಿಂದ. ಹಿಟ್ಟಿನ ಮೇಲ್ಮೈ ಕ್ಷಾರವಾದರೆ ಅದರಲ್ಲಿರುವ ಪ್ರೋಟೀನ್ ಮತ್ತು ಸಕ್ಕರೆ ಬಿಸಿಗೆ ಬೇಗ ಬೇಗ ಸೇರಿ ಕಂದಾಗುತ್ತವೆ. ಬಿಸಿನೀರಿಗೆ ಮೇಲಿನ ಪಿಷ್ಟವೂ ಬೆಂದು ತೆಳುವಾದ ಹೊಳೆಯುವ ಸಿಪ್ಪೆಯಾಗುತ್ತದೆ.

ಜರ್ಮನಿಯ ಬೇಕರಿಗಳು ಇದಕ್ಕೆ ಸುಮಾರು 3ರಿಂದ 4 ಶೇಕಡಾ ಕಾಸ್ಟಿಕ್ ಸೋಡಾ ದ್ರಾವಣ ಬಳಸುತ್ತವೆ. ಅದು ಚರ್ಮ, ಕಣ್ಣು ಎರಡನ್ನೂ ಸುಡುತ್ತದೆ. ಹಾರ್ಡ್‌ವೇರ್ ಅಂಗಡಿಯಲ್ಲಿ ಸಿಂಕ್ ಕಟ್ಟಿಕೊಂಡರೆ ಹಾಕಲು ಮಾರುವ ಪುಡಿಯನ್ನಂತೂ ದಯವಿಟ್ಟು ಅಡುಗೆಮನೆಗೆ ತರಬೇಡಿ, ಅದು ತಿನ್ನುವ ದರ್ಜೆಯದಲ್ಲ. ಬಟ್ಟೆ ಒಗೆಯುವ ಸೋಡಾ ಕೂಡ ಬೇಡ.

ಕಿರಾಣಿ ಅಂಗಡಿಯ ಅಡುಗೆ ಸೋಡಾ ಸಾಕು. ಆದರೆ ಅದನ್ನು ಹಾಗೇ ನೀರಿಗೆ ಹಾಕಿದರೆ ಕ್ಷಾರ ಕಡಿಮೆ, ಪಿಎಚ್ (ಕ್ಷಾರದ ಅಳತೆ, ಹೆಚ್ಚಿದಷ್ಟೂ ಕ್ಷಾರ ಜಾಸ್ತಿ) ಸುಮಾರು 8ರ ಆಸುಪಾಸು. ಬಹಳ ಜನರ ಪ್ರೆಟ್ಜೆಲ್ ಬಿಳಿಚಿಕೊಂಡಿರುವುದು ಇದೇ ಕಾರಣಕ್ಕೆ. ಒಂದು ಸ್ಟೀಲ್ ತಟ್ಟೆಯಲ್ಲಿ 100 ಗ್ರಾಂ ಸೋಡಾ ತೆಳುವಾಗಿ ಹರಡಿ, ಓಟಿಜಿಯಲ್ಲಿ 120 ಡಿಗ್ರಿಯಲ್ಲಿ ಒಂದು ಗಂಟೆ ಇಡಿ. ಬಿಸಿಗೆ ಅದರೊಳಗಿನ ನೀರು ಮತ್ತು ಇಂಗಾಲದ ಡೈಆಕ್ಸೈಡ್ ಹೊರಟು ಹೋಗಿ ಸೋಡಿಯಂ ಕಾರ್ಬೊನೇಟ್ ಉಳಿಯುತ್ತದೆ. ತೂಗಿ ನೋಡಿದರೆ 63 ಗ್ರಾಂ ಹತ್ತಿರ ಬಂದಿರುತ್ತದೆ. ಹಾಗೆ ಬಂದರೆ ಕೆಲಸ ಪೂರ್ತಿ ಆಗಿದೆ ಅಂತ ಅರ್ಥ. ಇದರ ನೀರಿನ ಪಿಎಚ್ 11ರ ಆಸುಪಾಸಿಗೆ ಏರುತ್ತದೆ. ಗಾಜಿನ ಡಬ್ಬಿಯಲ್ಲಿ ತುಂಬಿ, ಮೇಲೆ ದೊಡ್ಡದಾಗಿ ಹೆಸರು ಬರೆದಿಡಿ. ನೋಡಲು ಥೇಟ್ ಉಪ್ಪಿನ ಹಾಗೇ ಇರುತ್ತದೆ, ಬೇರೆಯವರು ಸಾರಿಗೆ ಹಾಕಿಬಿಡಬಾರದು. ಬರಿಗೈಯಲ್ಲಿ ಹೆಚ್ಚು ಮುಟ್ಟಬೇಡಿ.

ಈಗ ಬಿಯರ್. ಮೈಲ್ಡ್ ಅಂತ ಮಾರುವುದನ್ನು ತನ್ನಿ, ಆಲ್ಕೊಹಾಲ್ 5 ಶೇಕಡಾ ಒಳಗಿರಲಿ. ಗೋಧಿ ಬಿಯರ್ ಸಿಕ್ಕರೆ ಇನ್ನೂ ಚೆಂದ. ಸ್ಟ್ರಾಂಗ್ ಬೇಡ, ಜಾಸ್ತಿ ಆಲ್ಕೊಹಾಲ್ ಯೀಸ್ಟ್‌ನ ಕೆಲಸ ನಿಧಾನ ಮಾಡುತ್ತದೆ. ತುಂಬಾ ಕಹಿ ಇರುವ ಬಿಯರೂ ಬೇಡ, ಆ ಕಹಿ ಪ್ರೆಟ್ಜೆಲ್‌ನಲ್ಲೂ ಉಳಿಯುತ್ತದೆ. 330 ಮಿಲಿಯ ಒಂದು ಪಿಂಟ್ ಸಾಕು. ಪಾತ್ರೆಗೆ ಸುರಿದು, ಚಮಚದಲ್ಲಿ ತಿರುವಿ ಗ್ಯಾಸ್ ಪೂರ್ತಿ ಬಿಡಿಸಿ. ನೊರೆ ಇದ್ದರೆ ಅಳತೆ ತಪ್ಪುತ್ತದೆ. ಹಿಟ್ಟು ಉಬ್ಬಲು ಆ ಗ್ಯಾಸ್ ಬೇಕಿಲ್ಲ, ಅದನ್ನು ಯೀಸ್ಟ್ ನೋಡಿಕೊಳ್ಳುತ್ತದೆ.

400 ಗ್ರಾಂ ಮೈದಾ, 100 ಗ್ರಾಂ ಚಪಾತಿ ಹಿಟ್ಟು ತಗೊಳ್ಳಿ. ಬರೀ ಮೈದಾದಲ್ಲಿ ಆ ಜಗಿಯುವ ಗುಣ ಕಡಿಮೆ. 5 ಗ್ರಾಂ ಇನ್‌ಸ್ಟಂಟ್ ಯೀಸ್ಟ್, 9 ಗ್ರಾಂ ಉಪ್ಪು, ಒಂದು ದೊಡ್ಡ ಚಮಚ ಬೆಲ್ಲದ ಪುಡಿ, 30 ಗ್ರಾಂ ಬೆಣ್ಣೆ, 270 ಮಿಲಿ ಬಿಯರ್. ಪೂರಿ ಹಿಟ್ಟಿನ ಹದಕ್ಕೆ ಗಟ್ಟಿಯಾಗಿ ಕಲಸಿ, ಹತ್ತು ನಿಮಿಷ ಚೆನ್ನಾಗಿ ನಾದಿ. ಹಿಟ್ಟು ತೀರಾ ಒಣಗಿದೆ ಅನಿಸಿದರೆ ಒಂದೆರಡು ಚಮಚ ಬಿಯರ್ ಸೇರಿಸಿ.

ನಮ್ಮೂರಿನ ವಿಷಯ ಬರುವುದು ಇಲ್ಲಿ. ಹೊರದೇಶದ ರೆಸಿಪಿಗಳು ಬಿಯರ್ ಬೆಚ್ಚಗೆ ಮಾಡಿ, ಹಿಟ್ಟನ್ನು ಒಂದು ಗಂಟೆ ಬೆಚ್ಚಗಿನ ಜಾಗದಲ್ಲಿಡಿ ಅನ್ನುತ್ತವೆ. ಏಪ್ರಿಲ್, ಮೇನಲ್ಲಿ ಬಳ್ಳಾರಿ 40 ಡಿಗ್ರಿ ದಾಟುತ್ತದೆ, ಅಡುಗೆಮನೆಯ ಕಲ್ಲು ಕಟ್ಟೆಯೇ ಬೆಚ್ಚಗಿರುತ್ತದೆ. ಮಹಡಿ ಮೇಲಿನ ಟ್ಯಾಂಕ್ ನೀರು ಮಧ್ಯಾಹ್ನ ಕೈ ಇಡಲಾರದಷ್ಟು ಕಾಯುತ್ತದೆ ಅಲ್ವಾ? ಅವರು ಹೇಳಿದ ಹಾಗೇ ಮಾಡಿದರೆ ಹಿಟ್ಟು ಅರ್ಧ ದಾರಿಯಲ್ಲೇ ಹುಳಿಯಾಗಿ ಜೋತು ಬೀಳುತ್ತದೆ. ಬಿಯರ್ ಫ್ರಿಜ್‌ನಿಂದ ತೆಗೆದ ತಣ್ಣಗಿನದ್ದೇ ಇರಲಿ. ಅರ್ಧ ಗಂಟೆಯಾದ ಮೇಲೆ ನೋಡುತ್ತಾ ಇರಿ. ಗಡಿಯಾರ ನಂಬಬೇಡಿ, ಹಿಟ್ಟು ಒಂದೂವರೆ ಪಟ್ಟು ಆಗಿದ್ದರೆ ಸಾಕು. ಡಿಸೆಂಬರ್‌ನಲ್ಲಾದರೆ ಆ ಒಂದು ಗಂಟೆ ಸರಿ.

8 ಉಂಡೆ ಮಾಡಿ. ಒಂದೊಂದನ್ನೂ ಒಂದೂಮುಕ್ಕಾಲು, ಎರಡು ಅಡಿ ಉದ್ದದ ಹಗ್ಗ ಮಾಡಿ, ನಡು ದಪ್ಪ, ತುದಿ ಸಣ್ಣ. ಕೆಳಗೆ ಒಣ ಹಿಟ್ಟು ಉದುರಿಸಬೇಡಿ, ಜಾರಿದರೆ ಉರುಳಲ್ಲ. ಹಿಂದಕ್ಕೆ ಎಳೆದುಕೊಂಡರೆ ಐದು ನಿಮಿಷ ಬಿಟ್ಟು ಮತ್ತೆ ಉರುಳಿಸಿ. ತುದಿಗಳನ್ನು ಎರಡು ಸಲ ಹೆಣೆದು ಕೆಳಗೆ ಮಡಚಿ ಒತ್ತಿ. ಆಕಾರ ಅಷ್ಟು ಚೆಂದ ಬರದಿದ್ದರೂ ರುಚಿಗೇನೂ ಕೊರತೆ ಇಲ್ಲ, ಮಕ್ಕಳಿಗೆ ಬೆರಳುದ್ದದ ತುಂಡುಗಳೇ ಇಷ್ಟ.

ಆಮೇಲೆ ಇವನ್ನು ಏನೂ ಮುಚ್ಚದೆ ಫ್ರಿಜ್‌ನಲ್ಲಿ ಒಂದು ಗಂಟೆ ಇಡಿ. ಇದನ್ನು ಬಿಡಬೇಡಿ. ಮೇಲೆ ಒಣ ಚರ್ಮ ಕಟ್ಟುತ್ತದೆ, ಬಿಸಿನೀರಿಗೆ ಬಿಟ್ಟಾಗ ಆಕಾರ ಕೆಡಲ್ಲ. ನಮ್ಮ ಸೆಕೆಯಲ್ಲಿ ಈ ಒಂದು ಗಂಟೆ ಇಲ್ಲದಿದ್ದರೆ ಎತ್ತುವಾಗಲೇ ಹಿಟ್ಟು ಹಿಗ್ಗಿ ಹೋಗುತ್ತದೆ.

ದೊಡ್ಡ ಸ್ಟೀಲ್ ಪಾತ್ರೆಯಲ್ಲಿ 1 ಲೀಟರ್ ನೀರಿಗೆ, ಮೊದಲು ಓಟಿಜಿಯಲ್ಲಿ ಕಾಯಿಸಿ ಡಬ್ಬಿಗೆ ತುಂಬಿಟ್ಟ ಸೋಡಾ 40 ಗ್ರಾಂ ಹಾಕಿ ಕಾಯಿಸಿ. ಅಲ್ಯುಮಿನಿಯಂ ಪಾತ್ರೆ ಬೇಡವೇ ಬೇಡ, ಕ್ಷಾರ ಅದನ್ನು ತಿನ್ನುತ್ತದೆ. ಸಣ್ಣಗೆ ಕುದಿಯುವಾಗ ಒಂದೊಂದೇ ಪ್ರೆಟ್ಜೆಲನ್ನು ಜಾಲರಿ ಸೌಟಿನಲ್ಲಿ ಇಳಿಸಿ, 20ರಿಂದ 30 ಸೆಕೆಂಡ್ ಬಿಟ್ಟು ಎತ್ತಿ ನೀರು ಸೋರಿಸಿ. ಜಾಸ್ತಿ ಹೊತ್ತು ಬಿಟ್ಟರೆ ಮೇಲೆ ಸುಕ್ಕು ಬೀಳುತ್ತದೆ, ಬಾಯಿಗೆ ಲೋಹದಂಥ ರುಚಿ ಬರುತ್ತದೆ. ಓಟಿಜಿ ಟ್ರೇ ಕೂಡ ಸಾಮಾನ್ಯವಾಗಿ ಅಲ್ಯುಮಿನಿಯಂ, ಹಾಗಾಗಿ ಮೇಲೆ ಸಿಲಿಕೋನ್ ಮ್ಯಾಟ್ ಹಾಸಿ. ಅಗ್ಗದ ಬಟರ್ ಪೇಪರ್ ಒದ್ದೆ ಪ್ರೆಟ್ಜೆಲ್‌ಗೆ ಅಂಟಿ ಬಿಡುವುದೇ ಇಲ್ಲ. ಬೇಕಿಂಗ್ ಪೇಪರ್ ಆದರೆ ಎಣ್ಣೆ ಸವರಿ.

ದಪ್ಪ ಭಾಗದಲ್ಲಿ ಬ್ಲೇಡಿನಿಂದ ಒಂದು ಗೀರು ಹಾಕಿ. ಮೇಲೆ ಕಲ್ಲುಪ್ಪನ್ನು ಕುಟ್ಟಿ ಸಣ್ಣ ಹರಳು ಮಾಡಿ ಉದುರಿಸಿ. ಪುಡಿ ಉಪ್ಪಾದರೆ ಕರಗಿಬಿಡುತ್ತದೆ. ಗುರೆಳ್ಳು ಉದುರಿಸಿದರೂ ಬಹಳ ಚೆನ್ನಾಗಿರುತ್ತದೆ, ಕ್ಷಾರದ ರುಚಿಗೂ ಗುರೆಳ್ಳಿಗೂ ಒಳ್ಳೆ ಜೋಡಿ. ಓಟಿಜಿಯನ್ನು 230 ಡಿಗ್ರಿಗೆ ಇಪ್ಪತ್ತು ನಿಮಿಷ ಕಾಯಿಸಿ, ಎರಡೂ ರಾಡ್ ಉರಿಯಲಿ, ನಡುವಿನ ಅಂತಸ್ತಿನಲ್ಲಿ 12ರಿಂದ 15 ನಿಮಿಷ. ಹೊಂಬಣ್ಣಕ್ಕೆ ನಿಲ್ಲಿಸಬೇಡಿ, ಹುಣಸೆ ಬೀಜದ ಬಣ್ಣ ಬರಲಿ. ಒಮ್ಮೆಗೆ 4 ಮಾತ್ರ ಇಡಿ, ಉಳಿದವು ಫ್ರಿಜ್‌ನಲ್ಲೇ ಕಾಯಲಿ. ಕರೆಂಟ್ ಹೋಗುವ ಹೊತ್ತು ನಿಮಗೇ ಗೊತ್ತಿರುತ್ತದೆ, ಅದನ್ನು ನೋಡಿಕೊಂಡು ಶುರು ಮಾಡಿ.

ಅತ್ತೆ, ಮಾವನ ವಿಷಯ. 5 ಶೇಕಡಾದ 270 ಮಿಲಿ ಬಿಯರ್‌ನಲ್ಲಿ ಆಲ್ಕೊಹಾಲ್ ಇರುವುದು 13.5 ಮಿಲಿ. 8 ಪಾಲಾದರೆ ಒಂದಕ್ಕೆ 1.7 ಮಿಲಿ. ಒಲೆಯಲ್ಲಿ ಅದರಲ್ಲೂ ಒಳ್ಳೆ ಭಾಗ ಆವಿಯಾಗುತ್ತದೆ, ಆದರೆ ಪೂರ್ತಿ ಹೋಗುತ್ತದೆ ಅಂತ ನಾನು ಹೇಳುವುದಿಲ್ಲ. ಅಮಲು ಬರುವ ಮಾತೇ ಇಲ್ಲ. ಆದರೆ ಪ್ರಶ್ನೆ ಅಮಲಿನದ್ದಲ್ಲ, ಅವರ ನಿಯಮದ್ದು. ಹೇಳದೆ ತಿನ್ನಿಸಬೇಡಿ. ಅವರ ಪಾಲಿಗೆ ಬಿಯರ್ ಬದಲು ನೀರು, ಜೊತೆಗೆ ಒಂದು ಚಮಚ ಮೊಳಕೆ ರಾಗಿ ಹಿಟ್ಟು ಹಾಕಿ ಬೇರೆಯಾಗಿ ಕಲಸಿ. ಮೊಳಕೆ ಬರಿಸಿ ಒಣಗಿಸಿದ ಧಾನ್ಯವೇ ಮಾಲ್ಟ್, ಬಿಯರ್‌ನ ಸಿಹಿಯೂ ಅಂಥದ್ದರಿಂದಲೇ ಬರುವುದು. ಸೋಡಾ ಸ್ನಾನ ಅದೇ ಆದ್ದರಿಂದ ಬಣ್ಣದಲ್ಲಿ ವ್ಯತ್ಯಾಸ ಅಷ್ಟಾಗಿ ಕಾಣಲ್ಲ. ಅದ್ದುವಾಗ ಅವರದ್ದನ್ನು ಮೊದಲು ಅದ್ದಿ.

ಬವೇರಿಯಾದಲ್ಲಿ ಸಾಸೇಜ್, ಸಿಹಿ ಸಾಸಿವೆ ಸಾಸ್ ಜೊತೆ ತಿನ್ನುತ್ತಾರೆ. ನಮ್ಮ ಮನೆಯಲ್ಲಿ ಬೆಣ್ಣೆಗೆ ಶೇಂಗಾ ಚಟ್ನಿ ಪುಡಿ ಕಲಸಿ ಹಚ್ಚುತ್ತೇವೆ, ನನಗೆ ಅದೇ ಹೆಚ್ಚು ಇಷ್ಟ. ಅವತ್ತೇ ತಿನ್ನುವಷ್ಟಕ್ಕೆ ಮಾತ್ರ ಉಪ್ಪು ಉದುರಿಸಿ. ಉಪ್ಪು ಗಾಳಿಯ ತೇವ ಎಳೆದುಕೊಂಡು ರಾತ್ರಿಯೊಳಗೆ ಮೇಲೆಲ್ಲ ಒದ್ದೆ ಮಾಡಿಬಿಡುತ್ತದೆ. ಉಳಿದವನ್ನು ಮರುದಿನ ನೀರು ಚಿಮುಕಿಸಿ, ಆಗ ಉಪ್ಪು ಹಾಕಿ, 180 ಡಿಗ್ರಿಯಲ್ಲಿ ಐದು ನಿಮಿಷ ಬಿಸಿ ಮಾಡಿ.