ಬಿಸಿಲಿನಿಂದ ಇಂಧನ: ನಿಮ್ಮ ಲೇಖನವನ್ನು ಏಕೆ ಹಿಂತಿರುಗಿಸುತ್ತಿದ್ದೇನೆ

ಪ್ರಿಯ ಲೇಖಕರೇ,

ಕೃತಕ ದ್ಯುತಿಸಂಶ್ಲೇಷಣೆಯಿಂದ, ಅಂದರೆ ಎಲೆಗಳಂತೆಯೇ ಬಿಸಿಲು, ನೀರು, ಇಂಗಾಲದ ಡೈಆಕ್ಸೈಡ್ ಬಳಸಿ, ದ್ರವ ಇಂಧನ ತಯಾರಿಸಲು ಅಮೆರಿಕ ಸರ್ಕಾರ ನಡೆಸುತ್ತಿರುವ ಸಂಶೋಧನೆಯನ್ನು ಕುರಿತ ನಿಮ್ಮ ‘ಸೂರ್ಯನೇ ಪೆಟ್ರೋಲ್ ಬಂಕ್’ ಲೇಖನವನ್ನು ಓದಿದೆ. ಬರವಣಿಗೆ ಸರಾಗವಾಗಿದೆಯಾದರೂ ಈಗಿರುವ ರೂಪದಲ್ಲಿ ಅದನ್ನು ಪ್ರಕಟಿಸಲಾಗದು.

2010ರಲ್ಲಿ ಅಲ್ಲಿನ ಇಂಧನ ಇಲಾಖೆ ಕ್ಯಾಲ್ಟೆಕ್ (ಕ್ಯಾಲಿಫೋರ್ನಿಯಾ ತಂತ್ರಜ್ಞಾನ ಸಂಸ್ಥೆ) ನೇತೃತ್ವದ, ಲಾರೆನ್ಸ್ ಬರ್ಕ್ಲಿ ಪ್ರಯೋಗಾಲಯವೂ ಸೇರಿದ್ದ ಜಂಟಿ ಕೇಂದ್ರಕ್ಕೆ ಐದು ವರ್ಷಗಳಿಗೆ 12.2 ಕೋಟಿ ಡಾಲರ್‌ವರೆಗೆ ನೀಡುವುದಾಗಿ ಘೋಷಿಸಿದ್ದನ್ನು ವಿವರಿಸಿದ ನೀವು, ಮುಂದಿನ ಪ್ಯಾರಾದಲ್ಲೇ ಆ ಇಂಧನದಿಂದ ಕಾರು ಓಡಿಸಿಬಿಟ್ಟಿದ್ದೀರಿ. ಘೋಷಣೆಯನ್ನೇ ಸಾಧನೆಯೆಂದು ಬರೆಯುವುದು ಪತ್ರಿಕಾ ಪ್ರಕಟಣೆಯ ಕೆಲಸ, ನಮ್ಮದಲ್ಲ.

ಮೊದಲ ಐದು ವರ್ಷ ಆ ಕೇಂದ್ರದ ಮುಖ್ಯ ಫಲ ದ್ರವ ಇಂಧನವಲ್ಲ, ನೀರನ್ನು ಒಡೆದು ಪಡೆದ ಹೈಡ್ರೋಜನ್ ಅನಿಲ. ನೀವು ಎರಡನ್ನೂ ಒಂದೇ ಎಂಬಂತೆ ಬರೆದಿದ್ದೀರಿ. 2015ರಲ್ಲಿ ಅವರು ತೋರಿಸಿದ ಸಾಧನವೊಂದು ಬಿಸಿಲಿನ ಶಕ್ತಿಯ ಸುಮಾರು ಶೇ 10ರಷ್ಟನ್ನು ಹೈಡ್ರೋಜನ್ ಆಗಿ ಹಿಡಿದಿಟ್ಟಿತು. 40 ಗಂಟೆ ಕೆಡದೆ ನಡೆಯಿತೆಂಬುದೇ ಅಂದಿನ ಹೆಗ್ಗಳಿಕೆ. (ನಮ್ಮ ಛಾವಣಿಯ ಸೌರಫಲಕಗಳಿಂದ ನಾವು 25 ವರ್ಷ ನಿರೀಕ್ಷಿಸುತ್ತೇವೆ.) ಅದೇ ವರ್ಷ ಅನುದಾನ ನವೀಕರಣಗೊಂಡಾಗ ಗುರಿ ಇಂಗಾಲದ ಡೈಆಕ್ಸೈಡ್‌ನಿಂದ ಇಂಧನ ತಯಾರಿಸುವತ್ತ ಹೊರಳಿತು. ನಿಮ್ಮ ಲೇಖನದ ಜೀವಾಳವಾಗಬೇಕಿದ್ದ ಈ ತಿರುವು ಅದರಲ್ಲಿ ಎಲ್ಲಿಯೂ ಇಲ್ಲ.

ಕಷ್ಟ ಎಲ್ಲಿದೆ ಎಂಬುದನ್ನು ಓದುಗರ ಕಣ್ಣಿಗೆ ಕಟ್ಟುವಂತೆ ಹೇಳಬಹುದು. ಹೈಡ್ರೋಜನ್‌ನ ಒಂದು ಅಣುವಿಗೆ ಎರಡು ಎಲೆಕ್ಟ್ರಾನ್ ಸಾಕು. ಇಂಗಾಲದ ಡೈಆಕ್ಸೈಡ್‌ನಿಂದ ದ್ರವ ಇಂಧನವಾದ ಎಥನಾಲ್‌ನ ಒಂದು ಅಣು ಆಗಲು ಹನ್ನೆರಡು ಬೇಕು. ಇಂಗಾಲದ ಪರಮಾಣುಗಳನ್ನು ಒಂದಕ್ಕೊಂದು ಬೆಸೆಯುವ ವೇಗವರ್ಧಕವಾಗಿ (ರಾಸಾಯನಿಕ ಕ್ರಿಯೆಯನ್ನು ಚುರುಕುಗೊಳಿಸುವ ವಸ್ತುವಾಗಿ) ಶುದ್ಧ ಲೋಹಗಳ ಪೈಕಿ ತಾಮ್ರಕ್ಕೆ ಸಾಟಿಯಿಲ್ಲ, ಆದರೆ ಅದಕ್ಕೆ ಆಯ್ಕೆಯ ವಿವೇಕವಿಲ್ಲ: ಸ್ಟ್ಯಾನ್‌ಫರ್ಡ್ ಸಂಶೋಧಕರು 2012ರಲ್ಲಿ ತಾಮ್ರದ ಮೇಲೆ ಮೀಥೇನ್, ಎಥಿಲೀನ್, ಎಥನಾಲ್ ಸೇರಿದಂತೆ 16 ಬಗೆಯ ಉತ್ಪನ್ನಗಳನ್ನು ಗುರುತಿಸಿದ್ದಾರೆ. ಬೇಕಾದ ಒಂದನ್ನು ಮಾತ್ರ ಪಡೆಯುವುದು, ನೀರಿನಿಂದ ಅದನ್ನು ಬೇರ್ಪಡಿಸುವುದು, ಇಷ್ಟೆಲ್ಲ ಮಾಡಿದ ಮೇಲೂ ಶಕ್ತಿಯ ಲೆಕ್ಕ ಕೈಗೂಡುವಂತೆ ನೋಡಿಕೊಳ್ಳುವುದು ಇಂದಿಗೂ ಬಗೆಹರಿಯದ ಕೆಲಸ. ಆದ್ದರಿಂದಲೇ 2020ರಲ್ಲಿ ಇಲಾಖೆ ಎರಡು ಹೊಸ ಯೋಜನೆಗಳಿಗೆ ಮತ್ತೆ ಐದು ವರ್ಷಗಳಿಗೆ ಒಟ್ಟು 10 ಕೋಟಿ ಡಾಲರ್ ಕೊಡಬೇಕಾಯಿತು.

ಕೊನೆಯಲ್ಲಿ ಬೆಂಗಳೂರಿನ ಜಕ್ಕೂರಿನಲ್ಲಿರುವ ಜವಾಹರಲಾಲ್ ನೆಹರೂ ಉನ್ನತ ವೈಜ್ಞಾನಿಕ ಸಂಶೋಧನಾ ಕೇಂದ್ರವನ್ನೂ ವಿಜ್ಞಾನಿ ಸಿ.ಎನ್.ಆರ್. ರಾವ್ ಅವರನ್ನೂ ಅಭಿಮಾನಕ್ಕೆಂದು ಒಂದು ಸಾಲಿನಲ್ಲಿ ತಂದಿದ್ದೀರಿ. ಅಲ್ಲಿ ಇದೇ ಕ್ಷೇತ್ರದಲ್ಲಿ ಕೆಲಸ ನಡೆದಿರುವುದು ನಿಜ. ಅಲ್ಲಿಗೆ ಹೋಗಿ ಸಂಶೋಧಕರನ್ನು ಮಾತನಾಡಿಸಿ ಬರೆಯಿರಿ, ಇಲ್ಲವಾದರೆ ಆ ಸಾಲನ್ನು ತೆಗೆದುಬಿಡಿ. ಕಾರಿನ ಪ್ಯಾರಾವನ್ನಂತೂ ತೆಗೆಯಲೇಬೇಕು. 2015ರ ತಿರುವಿನಿಂದ ಆರಂಭವಾಗುವ ಹೊಸ ಕರಡನ್ನು ಕಳುಹಿಸಿದರೆ ಖಂಡಿತ ಓದುತ್ತೇನೆ.

ಇಂತಿ,
ಸಂಪಾದಕ