ಸೀಸನ್ ಶುರುವಿಗೇ ಪಾಸ್ ತಗೋಬೇಡಿ ಮಾರಾಯ್ರೆ

ಮೂಡಿಗೆರೆಯ ತಮ್ಮ ಹಾಕಿದ ಪೋಸ್ಟ್ ಓದಿದೆ. ಸೀಸನ್ ಶುರುವಾದ ದಿನವೇ ಬಿಜಿಎಂಐ (ಪಬ್‌ಜಿ ಮೊಬೈಲ್ ಆಟದ ಭಾರತದ ಆವೃತ್ತಿ) ರಾಯಲ್ ಪಾಸ್ ತಗೊಂಡಿದ್ದೀಯ, ಅಂದರೆ ಆಡಿ ಲೆವೆಲ್ ಏರಿದ ಹಾಗೆ ಬಹುಮಾನ ಕೊಡುವ, ದುಡ್ಡಿನ ಪಾಸ್. ಆಮೇಲೆ ಮಳೆ ಹಿಡೀತು, ಲೈನ್ ಮೇಲೆ ಮರ ಬಿತ್ತು, ದಿನಗಟ್ಟಲೆ ಕರೆಂಟ್ ಇಲ್ಲ. ಈಗ "ಯುಸಿ ಹಾಕಿ ಲೆವೆಲ್ ಏರಿಸಲಾ, ಇಲ್ಲ ಆ ಗನ್ ಸ್ಕಿನ್ನಿನ ಕ್ರೇಟ್ ಒಡೆಯಲಾ, 40 ಒಡೆದಾಗಿದೆ, ಇನ್ನೇನು ಬಂದೇ ಬರುತ್ತೆ" ಅಂತ ಕೇಳಿದ್ದೀಯ. (ಗೊತ್ತಿಲ್ಲದವರಿಗೆ: ಯುಸಿ ಅಂದರೆ ದುಡ್ಡು ಕೊಟ್ಟು ಕೊಳ್ಳುವ ಆಟದ ನಾಣ್ಯ, ಸ್ಕಿನ್ ಅಂದರೆ ಗನ್ನಿಗೋ ಪಾತ್ರಕ್ಕೋ ಹಾಕುವ ಅಲಂಕಾರ, ಕ್ರೇಟ್ ಅಂದರೆ ಒಳಗೇನಿದೆ ಅಂತ ಮೊದಲೇ ಗೊತ್ತಾಗದ ಪೆಟ್ಟಿಗೆ.) ಎರಡೂ ಬೇಡ. ಒಂದು ಕಾಲಕ್ಕೆ ನಮ್ಮ ಗ್ಯಾಂಗ್ ಪೂರ್ತಿ ಇದನ್ನೇ ಮಾಡ್ತಿತ್ತು, ಅದಕ್ಕೇ ಇಷ್ಟುದ್ದ ಬರೀತಿದ್ದೇನೆ.

ಮೊದಲು ಪಾಸ್ ವಿಷಯ. ಪಾಸ್ ಯಾವತ್ತೂ ಕೊನೇ ವಾರ ತಗೋ. ಸೀಸನ್ ಪೂರ್ತಿ ಸುಮ್ನೆ ಫ್ರೀಯಾಗಿ ಆಡು, ಲೆವೆಲ್ ತಾನಾಗಿ ಏರ್ತಾ ಹೋಗುತ್ತೆ. ಕೊನೆಗೆ ನೋಡು, ನಿನಗೆ ಬೇಕಾದ ಸ್ಕಿನ್ ಇರುವ ಲೆವೆಲ್ ದಾಟಿದ್ದರೆ ಆಗ ದುಡ್ಡು ಕೊಡು. ಅಲ್ಲಿ ತನಕದ್ದೆಲ್ಲ ಒಟ್ಟಿಗೇ ಕೈಗೆ ಬರುತ್ತೆ. ದಾಟಿಲ್ವಾ, ದುಡ್ಡು ಉಳೀತು. ಬಿಜಿಎಂಐ, ವ್ಯಾಲರಂಟ್, ಫೋರ್ಟ್‌ನೈಟ್ ಮೂರೂ ಆಟಗಳಲ್ಲಿ ಇದು ನಡೆಯುತ್ತೆ. ಮೊದಲ ದಿನವೇ ತಗೊಂಡರೆ ಏನಾಗುತ್ತೆ? ಕೊಟ್ಟ ದುಡ್ಡು ವೇಸ್ಟ್ ಆಗುತ್ತಲ್ಲ ಅಂತ ನಿದ್ದೆಗೆಟ್ಟು ಆಡ್ತೀಯ. ಆಡೋಕೆ ಆಗದಿದ್ದರೆ ಲೆವೆಲ್ ಖರೀದಿಸ್ತೀಯ. ಕಂಪನಿಗೆ ಬೇಕಿರೋದೂ ಅದೇ. ಬೆಂಗಳೂರಿನವರು ಮೊದಲ ದಿನ ತಗೊಂಡರೆ ಹೇಗೋ ನಡೆದೀತು. ಜುಲೈ, ಆಗಸ್ಟಲ್ಲಿ ಮೂಡಿಗೆರೆ, ಸಕಲೇಶಪುರ, ಕೊಪ್ಪದ ಕಡೆ ಇರೋರು ಎರಡು ತಿಂಗಳ ಪಾಸಿಗೆ ಮುಂಗಡ ದುಡ್ಡು ಕೊಡೋದು ಯಾವ ಲೆಕ್ಕ?

ಇದರಲ್ಲೂ ಒಂದೆರಡು ತೊಡಕಿದೆ. ಕೆಲವು ಆಟಗಳಲ್ಲಿ ಪಾಸ್ ತಗೊಂಡವರಿಗೆ ಮಾತ್ರ ತೆರೆಯುವ ಮಿಷನ್ ಇರ್ತವೆ. ಅಂಥದ್ದಕ್ಕೆ ಕೊನೇ ದಿನದ ತನಕ ಕಾಯಬೇಡ, ಅವನ್ನು ಮುಗಿಸೋಕೆ ಟೈಮ್ ಇಟ್ಟುಕೋ. ಇನ್ನೊಂದು, ದಿನಾ ಲಾಗಿನ್ ಆಗಿ ತಗೊಳ್ಳುವ ಕಾರ್ಡ್‌ಗಳು. ಗೆನ್‌ಶಿನ್ ಆಟದ ವೆಲ್ಕಿನ್ ಮೂನ್ ಕಾರ್ಡ್ ಇದೆಯಲ್ಲ, 30 ದಿನ ದಿನಕ್ಕೆ 90 ಪ್ರಿಮೊಜೆಮ್ (ಆ ಆಟದ ನಾಣ್ಯ) ಕೊಡೋದು, ಅದರಲ್ಲಿ ತಪ್ಪಿದ ದಿನದ್ದು ಹೋಯ್ತು ಅಂತಲೇ. ದುಡ್ಡಿಗೆ ಹೋಲಿಸಿದರೆ ಒಳ್ಳೆಯದೇ, ಆದರೆ ಮಳೆ ನಿಂತ ಮೇಲೆ ತಗೋ.

ಈಗ ಕ್ರೇಟ್. "40 ಒಡೆದಾಗಿದೆ, ಇನ್ನೇನು ಬರುತ್ತೆ" ಅನ್ನೋದು ಶುದ್ಧ ಭ್ರಮೆ. ಹಿಂದೆ ಎಷ್ಟು ಒಡೆದೆ ಅಂತ ಆ ಪೆಟ್ಟಿಗೆಗೆ ನೆನಪಿರೋದಿಲ್ಲ. ಒಂದು ಸ್ಕಿನ್ ಬರುವ ಸಾಧ್ಯತೆ ಶೇ. 1 ಅಂತ ಇಟ್ಕೋ. 100 ಜನ ತಲಾ 100 ಕ್ರೇಟ್ ಒಡೆದರೆ ಸುಮಾರು 37 ಜನಕ್ಕೆ ಅದು ಒಂದೂ ಸಿಗಲ್ಲ. ಬೇಕಾದರೆ ಮೊಬೈಲ್ ಕ್ಯಾಲ್ಕುಲೇಟರಲ್ಲಿ 0.99 ಅನ್ನು 100 ಸಲ ಗುಣಿಸಿ ನೋಡು. ಇಷ್ಟು ಒಡೆದರೆ ಖಚಿತ ಅಂತ ಆಟದಲ್ಲೇ ಬರೆದಿದ್ದರೆ ಮಾತ್ರ ಕಥೆ ಬೇರೆ. ಗೆನ್‌ಶಿನ್‌ನಲ್ಲಿ 5 ಸ್ಟಾರ್ ಪಾತ್ರದ ಸಾಧ್ಯತೆ ಶೇ. 0.6, ಆದರೆ 90ನೇ ವಿಶ್ (ಪಾತ್ರಕ್ಕಾಗಿ ಮಾಡುವ ಲಾಟರಿಯಂಥ ಒಂದು ಪ್ರಯತ್ನ) ಒಳಗೆ ಒಂದು ಬಂದೇ ಬರುತ್ತೆ. ಅದೂ ನಿನಗೆ ಬೇಕಾದವಳೇ ಬರಬೇಕಂತಿಲ್ಲ! ಹಾಗಾಗಿ ಮೊದಲು ಆ ಪುಟ್ಟ 'ಐ' ಗುರುತು ಒತ್ತಿ ಸಾಧ್ಯತೆ ಓದು. 2017ರ ಕೊನೆಯಿಂದ ಇದನ್ನು ತೋರಿಸಲೇಬೇಕು ಅಂತ ಆಪಲ್ ನಿಯಮ ಮಾಡಿದೆ. ಬೆಲ್ಜಿಯಂ 2018ರಲ್ಲಿ ಇಂಥ ಪೆಟ್ಟಿಗೆಗಳನ್ನು ಜೂಜು ಅಂತಲೇ ಹೇಳಿತು, ಆಮೇಲೆ ಇಎ ಅನ್ನೋ ಆಟದ ಕಂಪನಿ ಅಲ್ಲಿ ತನ್ನ ಫುಟ್‌ಬಾಲ್ ಆಟದ ನಾಣ್ಯವಾದ ಫೀಫಾ ಪಾಯಿಂಟ್ ಮಾರೋದು ನಿಲ್ಲಿಸಿತು.

ನನ್ನನ್ನು ಕೇಳಿದರೆ ವ್ಯಾಲರಂಟ್ ಅಂಗಡಿ ದುಬಾರಿ, ಆದರೆ ಬೆಲೆ ಕಣ್ಣೆದುರಿಗಿದೆ. ಇಷ್ಟು ವಿಪಿ (ಆ ಆಟದ ನಾಣ್ಯ) ಕೊಡು, ಈ ಸ್ಕಿನ್ ತಗೋ, ಮುಗೀತು. ಬ್ರಾಲ್ ಸ್ಟಾರ್ಸ್ ಆಟದವರು 2022ರ ಡಿಸೆಂಬರಲ್ಲಿ ಇಂಥ ಪೆಟ್ಟಿಗೆಗಳನ್ನು ಆಟದಿಂದ ತೆಗೆದುಹಾಕಿದಾಗ ಭೇಷ್ ಅಂದಿದ್ದೆ. ಮರು ವರ್ಷವೇ ಸ್ಟಾರ್ ಡ್ರಾಪ್ ಅಂತ ಅಂಥದ್ದೇ ಇನ್ನೊಂದು ತಂದರು. ಡೋಟಾ 2 ಆಟದಲ್ಲಿ ಹೀರೋಗಳೆಲ್ಲ (ನಾವು ಆಡಿಸುವ ಪಾತ್ರಗಳು) ಫ್ರೀ, ಅದನ್ನು ಮೆಚ್ಚಬೇಕು. ಪಬ್‌ಜಿ ಪಿಸಿ ಆಟವನ್ನು ಸ್ಟೀಮ್ ಅನ್ನೋ ಆನ್‌ಲೈನ್ ಅಂಗಡಿಯಲ್ಲಿ 999 ರೂಪಾಯಿ ಕೊಟ್ಟು ತಗೊಂಡವರು ಗುಂಪಲ್ಲಿ ಇದ್ದೀರಿ. 2022ರ ಜನವರಿಯಲ್ಲಿ ಅದು ಫ್ರೀ ಆಯ್ತು, ಈಗ ಒಂದೇ ಡ್ರೆಸ್ಸಿಗೆ ಅದಕ್ಕಿಂತ ಜಾಸ್ತಿ ಸುರಿಯೋರಿದ್ದಾರೆ. ಫ್ರೀ ಅಂದರೆ ಬಾಗಿಲಲ್ಲಿ ಮಾತ್ರ ಫ್ರೀ.

ಆಮೇಲೆ, ಅಪ್ಪನ ಫೋನಲ್ಲಿ ಆಡ್ತೀಯ ಅಂದೆಯಲ್ಲ. ಪ್ಲೇ ಸ್ಟೋರ್ ಸೆಟ್ಟಿಂಗಲ್ಲಿ ಪ್ರತಿ ಖರೀದಿಗೂ ಪಾಸ್‌ವರ್ಡ್ ಅಥವಾ ಬೆರಳಚ್ಚು ಕೇಳುವಂತೆ ಇಡು. ಪ್ಲೇ ಬ್ಯಾಲೆನ್ಸಿನಿಂದ ದುಡ್ಡು ಹೋಗುವಾಗ ಯುಪಿಐ ಪಿನ್ ಕೇಳೋದಿಲ್ಲ, ತಂಗಿ ಕೈಗೆ ಫೋನ್ ಕೊಟ್ಟರೆ ಗೊತ್ತಾಗೋದೇ ಇಲ್ಲ. ಹಾಗೇನಾದರೂ ಆದರೆ 48 ಗಂಟೆಯೊಳಗೆ ಗೂಗಲ್‌ಗೇ ರೀಫಂಡ್ ಕೇಳು. ಬಂದೇ ಬರುತ್ತೆ ಅಂತಲ್ಲ, ಆದರೆ ತಡವಾದರೆ ಆಟದ ಕಂಪನಿಯ ಬಾಗಿಲು ತಟ್ಟಬೇಕು.

ಟೆಲಿಗ್ರಾಮಲ್ಲಿ ಅರ್ಧ ಬೆಲೆಗೆ ಯುಸಿ ಕೊಡ್ತೀವಿ ಅನ್ನೋರ ಹತ್ತಿರ ದಯವಿಟ್ಟು ಹೋಗಬೇಡ. ಲಾಗಿನ್ ಕೇಳಿದರಂತೂ ಅಕೌಂಟ್ ಹೋಯ್ತು ಅಂತಲೇ ತಿಳ್ಕೋ. ಕದ್ದ ಬ್ಯಾಂಕ್ ಕಾರ್ಡಿನಿಂದ ಹಾಕಿದ ಯುಸಿ ವಾಪಸ್ ಹೋದಾಗ ಸಿಕ್ಕಿಬೀಳೋದು ನೀನೇ.

ದುಡ್ಡು ಹಾಕಲೇಬೇಕು ಅಂತಿದ್ದರೆ ಆ ಕ್ರೇಟಿನ ದುಡ್ಡಲ್ಲಿ ರೂಟರಿಗೆ ಒಂದು ಮಿನಿ ಯುಪಿಎಸ್ ತಗೋ. ಕರೆಂಟ್ ಹೋದರೂ ಮ್ಯಾಚ್ ಮುಗಿಸಬಹುದು. ರೂಟರಿನ ಅಡಾಪ್ಟರ್ ಮೇಲೆ 12 ವೋಲ್ಟ್ ಅಂತಿದೆಯಾ, 9 ಅಂತಿದೆಯಾ ನೋಡಿಕೊಂಡೇ ತಗೋ. ಮರ ಬಿದ್ದು ಫೈಬರೇ ಕಡಿದರೆ ಅದಕ್ಕೂ ಉಪಾಯವಿಲ್ಲ. ನೀನು ಹಾಕಿದ ಸ್ಕ್ರೀನ್‌ಶಾಟಲ್ಲಿ ಸೀಸನ್ ಮುಗಿಯುವ ದಿನ ಕಾಣ್ತಿಲ್ಲ, ಅದನ್ನೂ ಈಗ ಎಷ್ಟನೇ ಲೆವೆಲಲ್ಲಿದ್ದೀಯ ಅನ್ನೋದನ್ನೂ ಇಲ್ಲೇ ಹಾಕು. ಯಾವ ಮಿಷನ್ ಮೊದಲು ಮುಗಿಸಬೇಕು ಅಂತ ನೋಡಿ ಹೇಳ್ತೀನಿ.